ವಜ್ರಲೇಪವೂ ಲವಣದೋಷವೂ: ಹಂಪೆಯ ಸುತ್ತಣ ಗಾರೆಯ ವಿಚಾರ

ಹಂಪೆಯ ದೇವಾಲಯಗಳ ಗೋಪುರಗಳನ್ನು ಸಾವಧಾನವಾಗಿ ನೋಡಿದವರಿಗೆ ಒಂದು ಸಂಗತಿಯು ಗೋಚರಿಸದೆ ಇರದು. ಗೋಪುರದ ಕೆಳಗಣ ಭಾಗವು ಗ್ರಾನೈಟು ಕಗ್ಗಲ್ಲಿನಿಂದ ಕಟ್ಟಲ್ಪಟ್ಟುದಾಗಿ, ಐದು ನೂರು ವರ್ಷಗಳ ಬಿಸಿಲು ಮಳೆಗಳನ್ನು ಸಹಿಸಿಯೂ ಉಳಿಯ ಗುರುತುಗಳನ್ನು ಕಾಪಾಡಿಕೊಂಡಿರುತ್ತದೆ. ಅದರ ಮೇಲೆ ಇಟ್ಟಿಗೆ ಗಾರೆಗಳಿಂದ ಎತ್ತಿದ ನೆಲೆಗಳಾದರೋ ಹಾಗಿಲ್ಲ. ಪ್ರತಿಮೆಗಳ ಕೈಕಾಲುಗಳು ಉದುರಿ, ಲೇಪವು ಹೊಟ್ಟಿನಂತೆ ಎದ್ದು, ಒಳಗಣ ಇಟ್ಟಿಗೆಯು ಹೊರಕ್ಕೆ ಕಾಣುವಂತಾಗಿದೆ. ಉದಯಗಿರಿಯ ವಿಜಯಾನಂತರ ಕೃಷ್ಣದೇವರಾಯನು ಕಟ್ಟಿಸಿದ ಕೃಷ್ಣದೇವಾಲಯದ ಮಹಾದ್ವಾರದ ಮೇಲೆ ಯುದ್ಧದ ದೃಶ್ಯಗಳನ್ನು ಗಾರೆಯಲ್ಲಿ ರೂಪಿಸಿದ್ದರು; ಅವುಗಳಲ್ಲಿ ಈಗ ಗುರುತು ಹಿಡಿಯಬಹುದಾದವು ಕೆಲವು ಮಾತ್ರ. ಇದಕ್ಕೆ ಕಾರಣವೇನೆಂದು ಕೇಳಿದರೆ 1565ರ ಯುದ್ಧಾನಂತರದ ವಿಧ್ವಂಸವನ್ನು ಹೇಳುವುದು ರೂಢಿಯಾಗಿದೆ. ಆ ವಿಧ್ವಂಸವು ನಡೆದುದರಲ್ಲಿ ಸಂಶಯವಿಲ್ಲ. ಆದರೆ ಕೊಳ್ಳೆಗಾರನು ಗೋಪುರದ ಮೇಲಣ ನೆಲೆಗಳನ್ನು ಏರಿ ಅಂಗುಲ ಅಂಗುಲವಾಗಿ ಲೇಪವನ್ನು ಕೆರೆಯುತ್ತ ಕುಳಿತನೆಂದು ಊಹಿಸುವುದು ಕಷ್ಟ. ಆ ಕೆಲಸವನ್ನು ಮಾಡಿದ ಶತ್ರುವು ಬೇರೆ. ಗಿಡದ ಬೇರು, ಮಳೆಯ ನೀರು ಇವುಗಳ ಜತೆಗೆ ಮೂರನೆಯದಾಗಿ ಎಣಿಸಬೇಕಾದುದು ಉಪ್ಪು.

ಗಾರೆಯು ಲವಣದಿಂದ ಕೆಡುವ ಬಗೆ ಯಾವುದು, ಅದನ್ನು ತಡೆಯಲು ಹಿಂದಿನವರೂ ಇಂದಿನವರೂ ಕಂಡ ಉಪಾಯಗಳಾವುವು, ಸಿಮೆಂಟಿನ ಗಾರೆಗೆ ಹೇಳುವ ಉಪಾಯವು ಹಳೆಯ ಗೋಡೆಗೂ ಹೊಂದುವುದೋ ಇಲ್ಲವೋ ಎಂಬಿವು ಪ್ರಕೃತ ಲೇಖನದ ವಿಷಯ. ಇದು ಶಿಲ್ಪಿಗಳಿಗೂ ಎಂಜಿನಿಯರುಗಳಿಗೂ ಬಿಟ್ಟ ವಿಚಾರವೆಂದು ಸಾಹಿತ್ಯದ ಅಧ್ಯಾಪಕರು ತಳ್ಳಿಹಾಕುವಂತಿಲ್ಲ. ಗೋಡೆಯ ಮೇಲಣ ಶಾಸನವೂ ಚಿತ್ರವೂ ಪ್ರತಿಮೆಯೂ ಗೋಡೆಯು ನಿಂತಿರುವವರೆಗೆ ಮಾತ್ರ ಓದಬರುವಂಥವು.

ಮೊದಲು ಶಬ್ದಗಳನ್ನು ನೋಡುವುದು ಯುಕ್ತ. ಸಂಸ್ಕೃತದಲ್ಲಿ ಸುಣ್ಣಕ್ಕೆ ‘ಸುಧಾ’ ಎಂದು ಹೆಸರು. ಅಮೃತಕ್ಕೂ ಅದೇ ಹೆಸರು. ಸುಧೆಯಿಂದ ಲೇಪಿಸಿದುದು ‘ಸೌಧ’. ಆದುದರಿಂದ ಈಗ ಬಹುಮಹಡಿಯ ಕಚೇರಿಗಳಿಗೆ ಇಡುತ್ತಿರುವ ಸೌಧವೆಂಬ ಹೆಸರಿನ ಮೂಲಾರ್ಥವು ಸುಣ್ಣ ಬಳಿದ ಮನೆಯೆಂದಷ್ಟೆ. ಕನ್ನಡದ ‘ಸುಣ್ಣ’ವು ಚೂರ್ಣ ಶಬ್ದದ ಪ್ರಾಕೃತ ರೂಪದಿಂದ ಬಂದುದು. ಗಾರೆಗೆ ಬೆರೆಸುವ ಇಟ್ಟಿಗೆಯ ಪುಡಿಗೆ ‘ಸುರ್ಕಿ’ ಎನ್ನುತ್ತಾರೆ. ಇದು ಕೆಂಪೆಂಬರ್ಥದ ಪಾರಸೀ ಶಬ್ದದಿಂದ ಹುಟ್ಟಿದುದು. ಹೆಸರು ಮುಸಲ್ಮಾನರ ಕಾಲದಲ್ಲಿ ಬಂದಿತೆಂದು ವಸ್ತುವೂ ಅವರೊಡನೆಯೇ ಬಂದಿತೆಂದು ತಿಳಿಯತಕ್ಕುದಲ್ಲ. ಈ ವಿಷಯವು ಮುಂದೆ ವಿಶದವಾಗುವುದು. ಉಪ್ಪೇರಿದ ನೆಲಕ್ಕೆ ಕನ್ನಡದಲ್ಲಿ ಸವಳು, ಚೌಳು ಎಂಬ ಮಾತುಗಳಿವೆ. ಸಂಸ್ಕೃತದ ಕೋಶಕಾರರು ‘ಊಷ’ವೆಂದರೆ ಕ್ಷಾರಮೃತ್ತಿಕೆಯೆಂದೂ ಅದುಳ್ಳ ನೆಲವು ‘ಊಷರ’ವೆಂದೂ ಹೇಳುತ್ತಾರೆ. ಊಷರದಲ್ಲಿ ಬಿತ್ತಿದ ಬೀಜವೆಂಬ ದೃಷ್ಟಾಂತವನ್ನು ಕವಿಗಳೂ ಧರ್ಮಶಾಸ್ತ್ರಕಾರರೂ ಎಷ್ಟೋ ಸಲ ಬಳಸಿದ್ದಾರೆ. ಊಷರದಲ್ಲಿ ಹಾಕಿದ ಅಡಿಪಾಯದ ಗತಿಯೂ ಅದೇ ಎಂಬುದನ್ನು ಅವರು ಹೇಳಲಿಲ್ಲ, ಅಷ್ಟೆ.

ಲವಣವು ಗೋಡೆಯನ್ನು ಕೆಡಿಸುವುದು ಎರಡು ಬಗೆಯಲ್ಲಿ. ಒಂದು, ಎಲ್ಲ ಗೋಡೆಗಳಿಗೂ ಸಾಮಾನ್ಯವಾದುದು. ನೆಲದ ತೇವವು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಇಟ್ಟಿಗೆ ಗಾರೆಗಳ ಸೂಕ್ಷ್ಮರಂಧ್ರಗಳ ಮೂಲಕ ಎರಡು ಮೂರು ಮೊಳದೆತ್ತರ ಏರುತ್ತದೆ. ನೀರಿನೊಡನೆ ಅದರಲ್ಲಿ ಕರಗಿದ ಉಪ್ಪೂ ಏರುವುದು. ನೀರು ಬಿಸಿಲಿಗೆ ಆವಿಯಾಗಿ ಹೋಗುವುದು, ಉಪ್ಪು ಹೋಗಲಾರದು. ಅದು ಗೋಡೆಯ ಮೈಮೇಲೆ ಬಿಳಿಯ ಹೂವಿನಂತೆ ಅರಳಿದರೆ ನೋಟಕ್ಕೆ ವಿಕಾರವಲ್ಲದೆ ಹೆಚ್ಚಿನ ಹಾನಿಯಿಲ್ಲ, ಪೊರಕೆಯಿಂದ ಗುಡಿಸಬಹುದು. ಮೈಯೊಳಗೆ, ಲೇಪದ ಹಿಂದೆ, ಕಣ್ಣಿಗೆ ಕಾಣದ ಕಡೆಯಲ್ಲಿ ಹರಳುಗಟ್ಟಿದರೆ ಮಾತ್ರ ಆ ಹರಳು ಬೆಳೆಯಲು ಎಡೆಯಿಲ್ಲದೆ ರಂಧ್ರದ ಗೋಡೆಗಳನ್ನು ತಳ್ಳಿ ಒಡೆಯುತ್ತದೆ. ಒಂದು ಸಲವಲ್ಲ, ಪ್ರತಿ ಸಲ ತೊಯ್ದು ಒಣಗಿದಾಗಲೂ ಈ ಕ್ರಿಯೆಯು ನಡೆಯುವುದು.

ಈ ವಿಷಯದಲ್ಲಿ ಸೋಡಿಯಂ ಸಲ್ಫೇಟು ಎಂಬ ಲವಣವು ಅತ್ಯಂತ ಕ್ರೂರವಾದುದು. ಅದಕ್ಕೆ ನೀರಿಲ್ಲದ ರೂಪವೊಂದು, ಹತ್ತು ಅಣು ನೀರನ್ನು ಕುಡಿದು ಉಬ್ಬಿದ ರೂಪವೊಂದು ಇವೆ. ಉಬ್ಬಿದ ರೂಪದ ಗಾತ್ರವು ಒಣರೂಪದ ಮೂರರಷ್ಟಕ್ಕೂ ಮಿಗಿಲು. ಒಂದು ಮತ್ತೊಂದಾಗುವ ಎಲ್ಲೆಯು ಸುಮಾರು 32 ಡಿಗ್ರಿ ಸೆಂಟಿಗ್ರೇಡು ಉಷ್ಣಮಾನ. ಬಳ್ಳಾರಿ ಸೀಮೆಯ ಹಗಲು ಈ ಎಲ್ಲೆಯನ್ನು ಮೀರುವ ದಿನಗಳು ವರ್ಷದಲ್ಲಿ ಎಷ್ಟೋ ಇವೆ. ರಾತ್ರಿಯಲ್ಲಿ ಅದಕ್ಕಿಂತ ಕೆಳಗಿಳಿಯುವುದೂ ಸಾಮಾನ್ಯ. ತೇವವೂ ಇದ್ದರೆ, ಶೀತದೇಶಗಳ ಗೋಡೆಗಳನ್ನು ಹಿಮವು ಒಡೆಯುವಂತೆ ಇಲ್ಲಿನ ಗೋಡೆಗಳನ್ನು ಈ ಲವಣವು ಒಡೆಯುತ್ತದೆ. ಇದಲ್ಲದೆ ಬಾವಲಿಗಳು ವಾಸಿಸುವ ಮಂಟಪಗಳಲ್ಲಿ ಅವುಗಳ ಹಿಕ್ಕೆಯಿಂದ ಪೆಟ್ಲುಪ್ಪಿನ ಜಾತಿಯ ಲವಣಗಳು ಗೋಡೆಯನ್ನು ಸೇರುತ್ತವೆ. ಹಂಪೆಯ ಭಗ್ನಾವಶೇಷಗಳ ನಡುವೆಯೇ ಬಾಳೆ ಕಬ್ಬುಗಳ ತೋಟಗಳಿದ್ದು, ಆ ತೋಟಗಳ ಗೊಬ್ಬರದ ಲವಣವೂ ನೀರಿನೊಡನೆ ಅಡಿಪಾಯಗಳ ಕಡೆಗೆ ಹರಿಯಬಹುದಾಗಿದೆ.

ಎರಡನೆಯ ಬಗೆಯು ಸಿಮೆಂಟಿಗೇ ವಿಶಿಷ್ಟವಾದುದು. ಪೋರ್ಟ್‌ಲೆಂಡ್ ಸಿಮೆಂಟಿಗೆ 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬಾತನು ಸನ್ನದು ಪಡೆದನು. ಈ ಪದಾರ್ಥವು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಅದರೊಳಗೆ ಐದರಲ್ಲಿ ಒಂದು ಪಾಲಿನಷ್ಟು ಬಿಡಿಸುಣ್ಣವು ಹುಟ್ಟುತ್ತದೆ. ಸಲ್ಫೇಟು ಲವಣವು ಒಳಹೊಕ್ಕರೆ ಈ ಸುಣ್ಣವನ್ನು ಹಿಡಿದು ಜಿಪ್ಸಮ್ ಆಗುವುದು. ಆ ಜಿಪ್ಸಮ್ಮು ಸಿಮೆಂಟಿನಲ್ಲಿರುವ ಅಲ್ಯುಮಿನೇಟನ್ನು ಹಿಡಿದು ಸೂಜಿಯಾಕಾರದ ಮತ್ತೊಂದು ಹರಳಾಗುವುದು. ಈ ಹರಳು ಬಹಳ ನೀರನ್ನು ಹೀರಿ ಉಬ್ಬುವಂಥದು. ಗಟ್ಟಿಯಾದ ಗಾರೆಯೊಳಗೆ ಅದು ಉಬ್ಬಿದರೆ ಗಾರೆಯು ಬಿರಿಯದೆ ಬೇರೆ ಗತಿಯಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ರಸಾಯನಜ್ಞರು ಇದನ್ನು ‘ಸಿಮೆಂಟಿನ ರೋಗಕ್ರಿಮಿ’ಯೆಂದು ಕರೆದರು. ಪ್ರಾಣವಿಲ್ಲದ ಹರಳನ್ನು ಕ್ರಿಮಿಯೆಂದುದು ಗೌಣಪ್ರಯೋಗವಾದರೂ ಔಚಿತ್ಯವುಳ್ಳದ್ದು. ಹೊರಗಿನಿಂದ ಬಂದು ಒಳಗಿನ ಪದಾರ್ಥವನ್ನೇ ತಿಂದು ಬೆಳೆಯುವುದಷ್ಟೆ.

ಕಂಪ್ಲಿಯ ಕಡೆಯ ಗದ್ದೆಗಳಿಗೆ ಈ ವಿಚಾರವು ನೇರವಾಗಿ ಸಂಬಂಧಿಸಿದೆ. ಕಂಪಿಲರಾಯ ಕುಮಾರರಾಮರಿಂದ ಪ್ರಸಿದ್ಧವಾದ ಈ ಊರಿಗೆ ನದಿಯಿಂದ ನೀರು ತರುವ ಕಾಲುವೆಯು ವಿಜಯನಗರದ ಕಾಲದ ಕಾಲುವೆಗಳಲ್ಲೊಂದು. ತುಂಗಭದ್ರಾ ಜಲಾಶಯವು 1953ರಲ್ಲಿ ಸಿದ್ಧವಾದ ಮೇಲೆ ಹೊಸ ಕಾಲುವೆಗಳೂ ಬಂದವು. ಎರೆಭೂಮಿಗೆ ಅಲ್ಪಜಲದ ಬೆಳೆಗಳನ್ನು ಯೋಜಿಸಿದ್ದರು. ರೈತರು ಬತ್ತ ಕಬ್ಬುಗಳನ್ನೇ ಹೆಚ್ಚಾಗಿ ಬೆಳೆದರು. ನೀರು ಬಸಿದುಹೋಗಲು ದಾರಿಯಿಲ್ಲದ ಕಡೆ ಅಂತರ್ಜಲವು ಮೇಲೇರಿ, ಎರೆಯ ಒಡಲಲ್ಲಿದ್ದ ಲವಣವನ್ನೂ ಮೇಲಕ್ಕೆ ತಂದು, ಅಚ್ಚುಕಟ್ಟಿನ ನೆಲವೆಷ್ಟೋ ಚೌಳಾಯಿತು. ಗಂಗಾವತಿಯ ಕೃಷಿ ಸಂಶೋಧನ ಕೇಂದ್ರವು ಈ ಸವಳು ನೆಲದ ವಿಚಾರವಾಗಿ ಬಹುಕಾಲದಿಂದ ಕೆಲಸ ಮಾಡುತ್ತಿದೆ. ಬೆಳೆಗೆ ಬಂದ ಹಾನಿಯನ್ನು ಎಲ್ಲರೂ ಕಂಡರು. ಅದೇ ನೆಲದಲ್ಲಿ ನಿಂತ ಮನೆ, ಸೇತುವೆ, ತೂಬುಗಳ ಗಾರೆಯೂ ಅದೇ ನೀರನ್ನು ಕುಡಿಯುತ್ತದೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ.

ಅಂಥ ನೆಲದಲ್ಲಿ ಹೊಸದಾಗಿ ಕಟ್ಟುವ ಕೆಲಸಕ್ಕೆ ಇಂದಿನ ಶಾಸ್ತ್ರವು ಹೇಳುವ ಉಪಾಯಗಳು ಸ್ಪಷ್ಟವಾಗಿವೆ. ಅಲ್ಯುಮಿನೇಟು ಕಡಿಮೆಯಿರುವ ಸಿಮೆಂಟನ್ನು ಬಳಸುವುದು ಒಂದು. ಸಲ್ಫೇಟನ್ನು ಸಹಿಸುವ ಸಿಮೆಂಟಿನಲ್ಲಿ ಅದು ನೂರಕ್ಕೆ 5ನ್ನು ಮೀರಕೂಡದೆಂದು ಭಾರತೀಯ ಮಾನಕವು ವಿಧಿಸುತ್ತದೆ. ಬಿಡಿಸುಣ್ಣವನ್ನು ನುಂಗುವ ಪುಡಿಯನ್ನು ಸೇರಿಸುವುದು ಮತ್ತೊಂದು. ಇದೇ ಹೆಚ್ಚು ಸುಲಭವಾದುದು. ಗಾರೆಯನ್ನು ನಿಬಿಡವಾಗಿಸುವುದು ಮೂರನೆಯದು. ಒಂದಕ್ಕೆ ಆರು ಮರಳು ಹಾಕಿದ ತೆಳುಗಾರೆಯು ಜರಡಿಯಂತಿರುತ್ತದೆ. ಒಂದಕ್ಕೆ ಮೂರೋ ನಾಲ್ಕೋ ಹಾಕಿ, ಕಲಸಲು ಬೇಕಾದಷ್ಟೇ ನೀರು ಬೆರೆಸಿದರೆ ಲವಣಜಲಕ್ಕೆ ಪ್ರವೇಶವು ಕಷ್ಟವಾಗುವುದು. ಗಾರೆಯವನು ಕರಣೆಗೆ ಹಗುರವಾಗಲೆಂದು ಮತ್ತೊಂದು ತಂಬಿಗೆ ನೀರು ಸುರಿಯುವಾಗ ಉಪ್ಪಿಗೆ ಬಾಗಿಲು ತೆರೆದಂತಾಗುತ್ತದೆಂಬುದನ್ನು ಆತನಿಗೆ ಯಾರೂ ಹೇಳಿರುವುದಿಲ್ಲ. ಕಲಸುವ ನೀರಿನಲ್ಲಿಯೇ ಲವಣವಿರಕೂಡದು; ಲೀಟರಿಗೆ 400 ಮಿಲಿಗ್ರಾಮಿಗಿಂತ ಹೆಚ್ಚು ಸಲ್ಫೇಟು ಇರಬಾರದೆಂದು 2000ದ ಮಾನಕದಲ್ಲಿ ಹೇಳಿದೆ. ಸಪ್ಪೆಯಾಗಿಲ್ಲದ ಬಾವಿಯ ನೀರಿನಿಂದ ಕಲಸಿ, ಆಮೇಲೆ ಗೋಡೆಯು ಉಪ್ಪು ಬಿಟ್ಟಿತೆಂದು ಸಿಮೆಂಟನ್ನು ಹಳಿಯುವುದು ನ್ಯಾಯವಲ್ಲ. ಕಟ್ಟಿದ ಮೇಲೆ ನೀರುಣಿಸುವ ಕಾಲವೂ ಮುಖ್ಯವು. ಬಿಸಿಲುಸೀಮೆಯಲ್ಲಿ 10 ದಿನಕ್ಕೆ ಕಡಿಮೆಯಾಗದಂತೆ, ಪುಡಿ ಬೆರೆತ ಸಿಮೆಂಟಾದರೆ 14 ದಿನಗಳವರೆಗೆ ಗೋಣಿತಟ್ಟು ಹೊದಿಸಿ ತೇವವನ್ನು ಕಾಯಬೇಕು. ಕಬ್ಬಿಣದ ಸರಳುಗಳಿರುವ ಕಡೆ, ಸಲ್ಫೇಟಿನೊಡನೆ ಕ್ಲೋರೈಡೂ ಇದ್ದರೆ, ಅಲ್ಯುಮಿನೇಟನ್ನು ತೀರ ಇಳಿಸಿದ ಸಿಮೆಂಟು ಒಳ್ಳೆಯದಲ್ಲ. ಕ್ಲೋರೈಡನ್ನು ಹಿಡಿದಿಟ್ಟು ಸರಳನ್ನು ಕಾಪಾಡುವುದು ಆ ಅಲ್ಯುಮಿನೇಟೇ. ಒಂದು ರೋಗಕ್ಕೆ ಪಥ್ಯವಾದುದು ಇನ್ನೊಂದಕ್ಕೆ ಅಪಥ್ಯವಾಗುವುದು ವೈದ್ಯಶಾಸ್ತ್ರದಲ್ಲಿ ಮಾತ್ರವಲ್ಲ.

ಸುಣ್ಣವನ್ನು ನುಂಗುವ ಪುಡಿಯೆಂದರೇನು? ಸುಟ್ಟ ಜೇಡಿಮಣ್ಣು, ಜ್ವಾಲಾಮುಖಿಯ ಬೂದಿ, ಇದ್ದಿಲ ಕುಲುಮೆಯ ಹಾರುಬೂದಿ ಇಂಥವುಗಳಲ್ಲಿರುವ ಸಿಲಿಕವು ಸುಣ್ಣದೊಡನೆ ನೀರಿನಲ್ಲಿ ಕೂಡಿ ಕಲ್ಲಿನಂತಹ ಬಂಧವಾಗುತ್ತದೆ. ರೋಮನರು ನೇಪಲ್ಸಿನ ಬಳಿಯ ಪೊಟ್ಸುವೋಲಿ ಎಂಬಲ್ಲಿನ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ಸಮುದ್ರದಲ್ಲಿ ಕಟ್ಟಿದ ಕಟ್ಟೆಗಳು ಎರಡು ಸಾವಿರ ವರ್ಷ ಉಪ್ಪುನೀರಿನಲ್ಲಿ ನಿಂತಿವೆ. ಯೂರೋಪಿನ ಭಾಷೆಗಳಲ್ಲಿ ಇಂಥ ಪುಡಿಗೆಲ್ಲ ‘ಪೊಜೊಲಾನ’ ಎಂಬ ಹೆಸರು ಆ ಊರಿನಿಂದಲೇ ಬಂದಿತು. ಕನ್ನಡ ನಾಡಿನಲ್ಲಿ ಜ್ವಾಲಾಮುಖಿಯ ಬೂದಿ ದೊರೆಯದು. ಅದರ ಸ್ಥಾನದಲ್ಲಿ ನಿಂತುದು ಇಟ್ಟಿಗೆಯ ಪುಡಿ.

ಇಲ್ಲಿ ನಮ್ಮ ಶಾಸ್ತ್ರಗ್ರಂಥಗಳ ಮಾತು ಬರುತ್ತದೆ. ‘ವಜ್ರಲೇಪ’ವೆಂಬ ಹೆಸರನ್ನು ಕೇಳಿದೊಡನೆ ನಮ್ಮ ಪೂರ್ವಿಕರು ಸಿಮೆಂಟನ್ನು ಬಲ್ಲವರಾಗಿದ್ದರೆಂದು ಸಂಭ್ರಮಪಡುವವರುಂಟು. ಗ್ರಂಥಗಳನ್ನು ಬಿಚ್ಚಿ ನೋಡಿದರೆ ಈ ಸಂಭ್ರಮಕ್ಕೆ ಆಧಾರವಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯ ವಜ್ರಲೇಪಾಧ್ಯಾಯದಲ್ಲಿ ನಾಲ್ಕು ಯೋಗಗಳಿವೆ. ಮೊದಲನೆಯದರಲ್ಲಿ ಎಳೆಯ ತೂಬರೆಕಾಯಿ, ಬೇಲದಕಾಯಿ, ಬೂರುಗದ ಹೂವು, ಬಜೆ ಮುಂತಾದುವನ್ನು ಒಂದು ದ್ರೋಣ ನೀರಿನಲ್ಲಿ ಅಷ್ಟಮಾಂಶಕ್ಕಿಳಿಯುವಂತೆ ಕುದಿಸಿ, ಗುಗ್ಗುಲ, ಸರ್ಜರಸ, ಅಗಸೆ, ಬಿಲ್ವ ಮುಂತಾದುವುಗಳನ್ನು ಅರೆದು ಕೂಡಿಸಬೇಕು. ಮತ್ತೊಂದರಲ್ಲಿ ಅರಗು, ಗೃಹಧೂಮ ಮೊದಲಾದುವು ಸೇರುತ್ತವೆ. ಇನ್ನೊಂದರಲ್ಲಿ ಪಶುಗಳ ಕೊಂಬು, ಎಮ್ಮೆಯ ಚರ್ಮಗಳು. ಮಯನ ಹೆಸರಿನಲ್ಲಿ ಹೇಳಿದ ‘ವಜ್ರಸಂಘಾತ’ವು ಎಂಟು ಪಾಲು ಸೀಸ, ಎರಡು ಪಾಲು ಕಂಚು, ಒಂದು ಪಾಲು ಹಿತ್ತಾಳೆಗಳ ಎರಕ. ಇವುಗಳಲ್ಲಿ ಸುಣ್ಣದ ಸುದ್ದಿಯೇ ಇಲ್ಲವೆಂಬುದನ್ನು ಗಮನಿಸಬೇಕು. ಇವು ಬಿಸಿಯಾಗಿ ಬಳಿಯತಕ್ಕ ಅಂಟುಗಳು. ಪ್ರಾಸಾದ, ಲಿಂಗ, ಪ್ರತಿಮೆ, ಭಿತ್ತಿ, ಕೂಪಗಳಿಗೆ ಹಚ್ಚಿದರೆ ಸಾವಿರ ಅಯುತ, ಅಂದರೆ ಒಂದು ಕೋಟಿ ವರ್ಷ ನಿಲ್ಲುವುದೆಂದು ಆಚಾರ್ಯನು ಫಲವನ್ನು ಹೇಳುತ್ತಾನೆ. ಇದು ಅರ್ಥವಾದವೆಂದು ಮೀಮಾಂಸಕರಿಗೆ ಹೇಳಬೇಕಾಗಿಲ್ಲ. ನೀರನ್ನು ಹೊರಗಿಡುವ ಮೇಣದಂತಹ ಪದರವೆಂಬ ದೃಷ್ಟಿಯಿಂದ ಇವುಗಳಿಗೆ ಬೆಲೆಯುಂಟು, ಸಿಮೆಂಟೆಂಬ ದೃಷ್ಟಿಯಿಂದಲ್ಲ. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಜ್ರಲೇಪವೆಂದರೆ ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ ಮಾಡಿದ, ಚಿತ್ರಕಾರನ ವಜ್ರ. ಇದು ಬಣ್ಣಕ್ಕೆ ಕೂಡಿಸುವ ಅಂಟು. ಒಂದೇ ಶಬ್ದವು ಐದಾರು ಶತಮಾನಗಳಲ್ಲಿ ಬಳಕೆಯನ್ನು ಬದಲಾಯಿಸಿದುದನ್ನು ಇಲ್ಲಿ ಕಾಣಬಹುದು.

ಗಾರೆಯ ಮೂಲವನ್ನು ಹುಡುಕಬೇಕಾದುದು ಬೇರೆಡೆಯಲ್ಲಿ. ವಿಷ್ಣುಧರ್ಮೋತ್ತರದ ಮೂರನೆಯ ಖಂಡದಲ್ಲಿ ಚಿತ್ರಕ್ಕಾಗಿ ಭಿತ್ತಿಯನ್ನು ಸಿದ್ಧಪಡಿಸುವ ವಿಧಿಯಿದೆ. ಅಲ್ಲಿ ಮೊದಲು ಬರುವುದೇ ಮೂರು ಬಗೆಯ ಇಟ್ಟಿಗೆಯ ಪುಡಿ. ಅದಕ್ಕೆ ಮೂರರಲ್ಲೊಂದು ಪಾಲು ಮಣ್ಣು, ಮುಂದೆ ಗುಗ್ಗುಲ, ಜೇನುಮೇಣ, ಬೆಲ್ಲ, ಎಣ್ಣೆ, ಸುಟ್ಟ ಸುಣ್ಣ, ಬಿಲ್ವದ ತಿರುಳು, ಮರಳು ಇವು ಸೇರಿ ಒಂದು ತಿಂಗಳು ನೆನೆಯಬೇಕು. ಸುರ್ಕಿಯೆಂಬ ಪಾರಸೀ ಹೆಸರು ಹುಟ್ಟುವ ಮೊದಲೇ ಸುರ್ಕಿಯು ಇಲ್ಲಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಿಲ್ಲ. ಮಯಮತದಲ್ಲಿ ಸುಧೆಯ ವಿಚಾರವಾಗಿ ಕರಾಲ, ಮುದ್ಗೀ, ಗುಲ್ಮಾಷ, ಕಲ್ಕ, ಚಿಕ್ಕಣವೆಂದು ಐದು ಭೇದಗಳು ಬರುತ್ತವೆ. ಕರಾಲವು ಅಳಲೆಕಾಯಿಯ ಗಾತ್ರದ ಹರಳು, ಮುದ್ಗಿಯು ಹೆಸರುಕಾಳಿನಷ್ಟು. ಹೀಗೆ ದಪ್ಪದಿಂದ ನುಣುಪಿಗೆ ಇಳಿದು ಚಿಕ್ಕಣದಲ್ಲಿ ಮುಗಿಯುವುದು. ದಪ್ಪ ಹರಳುಗಳ ಎಡೆಯನ್ನು ಸಣ್ಣವು, ಸಣ್ಣವುಗಳ ಎಡೆಯನ್ನು ಇನ್ನೂ ಸಣ್ಣವು ತುಂಬಿದರೆ ಟೊಳ್ಳು ಕಡಿಮೆಯಾಗುವುದೆಂಬ ಇಂದಿನ ನಿಬಿಡತೆಯ ಸೂತ್ರವು ಇದರಲ್ಲಿ ಅಡಗಿದೆ. ಬೆಲ್ಲ, ಅಳಲೆ, ಉದ್ದಿನ ಗಂಜಿ, ಮರದ ತೊಗಟೆಯ ಕಷಾಯಗಳಿಂದ ಗಾರೆಯು ನಿಧಾನವಾಗಿ ಗಟ್ಟಿಯಾಗಿ, ನೀರನ್ನು ಸ್ವಲ್ಪಮಟ್ಟಿಗೆ ದೂರವಿಡುವುದೆಂದು ಈಗಿನ ಪರೀಕ್ಷೆಗಳಲ್ಲಿಯೂ ಕಂಡುಬಂದಿದೆ; ಅತಿಯಾದರೆ ಗಾರೆಯು ಮೆತ್ತಗಾಗಿ ಬೂಷ್ಟು ಹಿಡಿಯುವುದೂ ಉಂಟು.

ಸುರ್ಕಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಹದವಾಗಿ ಸುಟ್ಟ ಜೇಡಿಮಣ್ಣೇ ಸುರ್ಕಿಯಾಗತಕ್ಕುದು. ಹಸಿ ಇಟ್ಟಿಗೆಯಲ್ಲಿ ಮಣ್ಣಿನ ಗುಣವು ಉಳಿದಿರುತ್ತದೆ. ಸೀದ ಇಟ್ಟಿಗೆಯ ಪುಡಿಯು ಬರಿಯ ಮರಳಿಗೆ ಸಮಾನ. ಸಂಡೂರಿನ ಗುಡ್ಡಗಳ ಕೆಮ್ಮಣ್ಣನ್ನು ತಂದು ಬೆರೆಸಿದರೆ ಬಣ್ಣವು ಬರುವುದಲ್ಲದೆ ಗುಣವು ಬಾರದು. ಆ ಕೆಂಪು ಕಬ್ಬಿಣದ ತುಕ್ಕಿನದು. ಕೆಂಪಾದುದೆಲ್ಲ ಸುರ್ಕಿಯಲ್ಲ.

ಇಷ್ಟು ಗ್ರಂಥಸಂಪತ್ತಿಯೂ ಗೋಪುರಗಳ ಸಾಕ್ಷ್ಯವೂ ಇರುವಾಗ ಪೋರ್ಚುಗೀಸು ಪ್ರವಾಸಿ ನೂನಿಜನ ಒಂದು ಮಾತು ಆಶ್ಚರ್ಯವನ್ನುಂಟುಮಾಡುತ್ತದೆ. ಕೃಷ್ಣದೇವರಾಯನು ನಾಗಲಾಪುರದ, ಅಂದರೆ ಇಂದಿನ ಹೊಸಪೇಟೆಯ, ಬಳಿಯಲ್ಲಿ ದೊಡ್ಡ ಕೆರೆಯನ್ನು ಕಟ್ಟಿಸಬೇಕೆಂದು ಗೋವೆಯ ಗವರ್ನರನಿಂದ ಗಾರೆಕೆಲಸದ ನಿಪುಣನನ್ನು ಬೇಡಿದನಂತೆ. ಜೊಆಂವ್ ದೆಲ್ಲ ಪೊಂತೆ ಎಂಬಾತನು ಬಂದನು. ಆತನು ಕೆಲಸವು ಅಸಾಧ್ಯವೆಂದು ಮನಸ್ಸಿನಲ್ಲಿ ಎಣಿಸಿದರೂ ಒಪ್ಪಿಕೊಂಡು, ಸುಣ್ಣವನ್ನು ಒದಗಿಸಬೇಕೆಂದನು. ಅದನ್ನು ಕೇಳಿ ರಾಯನು ಬಹಳವಾಗಿ ನಕ್ಕನೆಂದೂ, ಮನೆ ಕಟ್ಟುವಾಗ ಸುಣ್ಣವನ್ನು ಬಳಸುವ ಕ್ರಮವು ಆ ದೇಶದವರಿಗೆ ತಿಳಿಯದೆಂದೂ ನೂನಿಜನು ಬರೆಯುತ್ತಾನೆ. ಕಣಿವೆಯಲ್ಲಿ ದೊಡ್ಡ ಬಂಡೆಗಳನ್ನು ಉರುಳಿಸಿದರು. ಹಗಲು ಮಾಡಿದ ಕೆಲಸವು ರಾತ್ರಿ ಕುಸಿಯುತ್ತಿತ್ತು. ಕೊನೆಗೆ ಮರಣದಂಡನೆಗೆ ಗುರಿಯಾದ ಕೈದಿಗಳನ್ನು ಬಲಿಕೊಟ್ಟ ಮೇಲೆ ಕಟ್ಟೆಯು ನಿಂತಿತಂತೆ. ಕೆರೆಯ ಕಟ್ಟೆಯು ಒಡೆದುದನ್ನೂ ಬಲಿಯನ್ನೂ ಅದಕ್ಕೆ ಮೊದಲೇ ಬಂದಿದ್ದ ಪಾಯಿಸನು ಕೂಡ ಹೇಳುತ್ತಾನೆ. ಈ ಇಬ್ಬರ ಬರಹಗಳನ್ನು 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ರಾಬರ್ಟ್ ಸೆವೆಲನು, ಹೊಸಪೇಟೆಯ ನೈರುತ್ಯಕ್ಕೆ ಸಂಡೂರು ಗುಡ್ಡಗಳೊಳಗೆ ಹೋಗುವ ಕಣಿವೆಯ ಬಾಯಲ್ಲಿರುವ, ದಕ್ಷಿಣದ ತಾಲ್ಲೂಕುಗಳಿಗೆ ಹೋಗುವ ರಸ್ತೆಯನ್ನು ಹೊತ್ತ ದೊಡ್ಡ ಏರಿಯೇ ಆ ಕಟ್ಟೆಯಾಗಿರಬೇಕೆಂದು ಅಭಿಪ್ರಾಯಪಟ್ಟನು.

ರಾಯನ ನಗೆಗೆ ಅರ್ಥವೇನು? ಸುಣ್ಣವನ್ನೇ ಅರಿಯದವರ ನಗೆಯೆಂದು ನೂನಿಜನು ಹೇಳಿದುದನ್ನು ಅಕ್ಷರಶಃ ಒಪ್ಪುವಂತಿಲ್ಲ. ಹಜಾರರಾಮನ ವಿಮಾನದ ಇಟ್ಟಿಗೆಯೂ ಕಮಲಮಹಲಿನ ಕಮಾನುಗಳೂ ಸುಣ್ಣವಿಲ್ಲದೆ ನಿಂತುವೇ? ಆದರೆ ಆತನು ಸುಳ್ಳಾಡಿದನೆಂದೂ ಹೇಳಬೇಕಾಗಿಲ್ಲ. ವಿಜಯನಗರದ ಶಿಲ್ಪಿಯು ಕಲ್ಲಿಗೆ ಕಲ್ಲನ್ನು ಹೊಂದಿಸುವಾಗ ಗಾರೆಯನ್ನು ಬಳಸುತ್ತಿರಲಿಲ್ಲ. ಕೋಟೆಯ ಗೋಡೆಗಳನ್ನು ನೋಡಿದರೆ ಸಾಕು. ಮೂಲೆ ಮೂಲೆಗೆ ಕೂಡುವಂತೆ ಕಡಿದ ಬಂಡೆಗಳು ತಮ್ಮ ಭಾರದಿಂದಲೇ ನಿಂತಿವೆ, ಸಂದಿನಲ್ಲಿ ಏನೂ ಇಲ್ಲ. ಕೆರೆಯ ಏರಿಯೂ ಮಣ್ಣು ತುಂಬಿ ಒಳಮೈಗೆ ಕಲ್ಲು ಹೊದಿಸಿದ ಕಟ್ಟಡ. ಅಂಥದಕ್ಕೆ ಸುಣ್ಣವನ್ನು ಬೇಡಿದ ಪರದೇಶಿಯನ್ನು ಕಂಡು ರಾಯನು ನಕ್ಕಿದ್ದರೆ ಅದು ಅಜ್ಞಾನದ ನಗೆಯಾಗಿರದೆ, ತನ್ನ ನಾಡಿನ ಕ್ರಮವನ್ನು ಬಲ್ಲವನ ನಗೆಯಾಗಿರಬಹುದು. ಲವಣದೋಷದ ದೃಷ್ಟಿಯಿಂದ ನೋಡಿದರೆ ಈ ಕ್ರಮಕ್ಕೆ ವಿಶೇಷವಾದ ಬೆಲೆಯಿದೆ. ಸಂದಿನಲ್ಲಿ ಗಾರೆಯೇ ಇಲ್ಲದಿದ್ದರೆ ಉಪ್ಪು ತಿನ್ನುವುದೇನನ್ನು? ಬೇಡವಾದ ನೀರು ಸಂದುಗಳಿಂದ ಹರಿದುಹೋಗುತ್ತದೆ, ಅದರೊಡನೆ ಉಪ್ಪೂ ಹೋಗುತ್ತದೆ. ಲೇಖನದ ಮೊದಲಲ್ಲಿ ಹೇಳಿದ ಗೋಪುರದಲ್ಲಿ ಕಲ್ಲಿನ ಕೆಳಭಾಗವು ಉಳಿದು ಗಾರೆಯ ಮೇಲ್ಭಾಗವು ನವೆದುದಕ್ಕೆ ಕಾರಣವು ಕಲ್ಲಿನ ಕಾಠಿಣ್ಯವೊಂದೇ ಅಲ್ಲ.

ಉಪ್ಪಿಗೂ ಗಾರೆಗೂ ಇರುವ ಸಂಬಂಧವು ಈ ಸೀಮೆಯ ಜನಜೀವನದಲ್ಲಿ ಮತ್ತೊಂದು ವಿಧವಾಗಿಯೂ ಕಾಣುತ್ತದೆ. ಚೌಳುಮಣ್ಣನ್ನು ಸೋಸಿ ಉಪ್ಪು ತೆಗೆಯುವುದು ಉಪ್ಪಾರರ ಕುಲವೃತ್ತಿಯಾಗಿತ್ತು. ಹೆಸರೇ ಅದನ್ನು ಹೇಳುತ್ತದೆ. ಬ್ರಿಟಿಷ್ ಸರ್ಕಾರವು ಮಣ್ಣುಪ್ಪಿನ ತಯಾರಿಕೆಯನ್ನು ತಡೆದ ಮೇಲೆ ಆ ವೃತ್ತಿಯು ಮಾಯವಾಯಿತು. ಅವರಲ್ಲಿ ಒಂದು ಪಂಗಡದವರು ಇಟ್ಟಿಗೆಯ ಕಟ್ಟಡದ ಕೆಲಸದಲ್ಲಿ ಪ್ರಸಿದ್ಧರಾಗಿದ್ದರೆಂದು 1891ರ ಮೈಸೂರು ಜನಗಣತಿಯ ವರದಿಯಿಂದಲೇ ತಿಳಿದುಬರುತ್ತದೆ. ಯಾವ ನೆಲದಲ್ಲಿ ಉಪ್ಪಿದೆಯೆಂದು ನೋಡಿದೊಡನೆ ಹೇಳಬಲ್ಲ ಕುಲದವರ ಕೈಗೇ ಕರಣೆಯೂ ಬಂದುದು ವಿಚಿತ್ರವಾದರೂ ಅನುಕೂಲವೇ ಆಗಿರಬೇಕು.

ಸುರ್ಕಿಯ ಬಳಕೆಯು ಇಪ್ಪತ್ತನೆಯ ಶತಮಾನದಲ್ಲಿಯೂ ನಿಲ್ಲಲಿಲ್ಲ. 1911ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರವು ಸುರ್ಕಿಗಾರೆಯ ಕಟ್ಟಡ. ಹೊಸಪೇಟೆಯ ಬಳಿ 1945ರಲ್ಲಿ ಪ್ರಾರಂಭವಾದ ತುಂಗಭದ್ರಾ ಅಣೆಕಟ್ಟೂ ಕಲ್ಲಿನ ಕಟ್ಟಡವೇ. ಅದರ ಗಾರೆಯಲ್ಲಿಯೂ ಸುರ್ಕಿಯಿದೆ. 2024ರ ಆಗಸ್ಟಿನಲ್ಲಿ ಆ ಅಣೆಕಟ್ಟಿನ 19ನೆಯ ಬಾಗಿಲಿನ ಸರಪಣಿ ಕಡಿದು ಬಾಗಿಲು ಕೊಚ್ಚಿಹೋದಾಗ ನಾಡೆಲ್ಲ ಕಳವಳಗೊಂಡಿತು; ಆಗ ಸೋತುದು ಕಬ್ಬಿಣ, ಗಾರೆಯಲ್ಲ. ಇಂದು ಸುರ್ಕಿಯ ಸ್ಥಾನವನ್ನು ಬೇರೆರಡು ಪದಾರ್ಥಗಳು ಆಕ್ರಮಿಸಿವೆ. ಬಳ್ಳಾರಿಯ ಬಳಿಯ ಕುಡುತಿನಿಯ ವಿದ್ಯುತ್ ಕೇಂದ್ರದಂಥ ಕಡೆಗಳಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿ ಒಂದು. ಇದನ್ನು ಸಿಮೆಂಟಿಗೆ ನೂರಕ್ಕೆ 15ರಿಂದ 35ರವರೆಗೆ ಬೆರೆಸಲು ಅವಕಾಶವಿದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಅದುರನ್ನು ಕರಗಿಸಿದಾಗ ಉಳಿಯುವ ಕಿಟ್ಟದ ಪುಡಿ ಮತ್ತೊಂದು. ಕಿಟ್ಟವು ಅರ್ಧಕ್ಕಿಂತ ಹೆಚ್ಚಾಗಿರುವ ಸಿಮೆಂಟು ಸಲ್ಫೇಟನ್ನು ಚೆನ್ನಾಗಿ ತಡೆಯುತ್ತದೆಂದು ಮಾನಕವೇ ಹೇಳುತ್ತದೆ. ಸಂಡೂರಿನ ಗುಡ್ಡದ ಅದುರು ಹಸಿಯಾಗಿ ಗಾರೆಗೆ ಬಣ್ಣವನ್ನಷ್ಟೆ ಕೊಡಬಲ್ಲುದಾದರೂ, ಬೆಂಕಿಯಲ್ಲಿ ಕಬ್ಬಿಣವನ್ನು ಬಿಟ್ಟುಕೊಟ್ಟಾಗ ಹುಟ್ಟುವ ಕಿಟ್ಟವು ಕಂಪ್ಲಿಯ ಚೌಳಿಗೆ ಪ್ರತಿಯೋಗವಾಗುವುದು ಚಮತ್ಕಾರವಲ್ಲವೆ?

ಹೀಗೆ ಸಿಮೆಂಟನ್ನು ಉಪ್ಪಿಗೆ ಜಗ್ಗದಂತೆ ಬಲಪಡಿಸಬಹುದು. ಆದರೆ ಹಾಗೆ ಬಲಪಡಿಸಿದ ಸಿಮೆಂಟನ್ನು ಹಂಪೆಯ ಇಟ್ಟಿಗೆಗೋಡೆಯ ಸಂದಿಗೆ ತುಂಬಬಹುದೇ ಎಂಬುದು ಬೇರೆಯೇ ಪ್ರಶ್ನೆ. ಇಲ್ಲಿ ಅನೇಕರು ಎಡವಿದ್ದಾರೆ. ಹಿಂದಿನ ದುರಸ್ತಿಗಳಲ್ಲಿ ನಾಡಿನ ಎಷ್ಟೋ ಸ್ಮಾರಕಗಳಿಗೆ ಸಿಮೆಂಟನ್ನು ಬಳಿದುದುಂಟು. ಹಳೆಯ ಇಟ್ಟಿಗೆಯೂ ಸುಣ್ಣದ ಲೇಪವೂ ಉಸಿರಾಡುವಂಥವು. ಅವುಗಳಲ್ಲಿ ನೀರು ಬಂದಂತೆ ಹೋಗುತ್ತದೆ. ಸಂದನ್ನು ನಿಬಿಡವಾದ ಸಿಮೆಂಟಿನಿಂದ ಮುಚ್ಚಿದರೆ ಗೋಡೆಯೊಳಗಣ ನೀರು ಆ ದಾರಿಯನ್ನು ಬಿಟ್ಟು ಇಟ್ಟಿಗೆಯ ಮೂಲಕ, ಹಳೆಯ ಲೇಪದ ಮೂಲಕ ಹೊರಡುವುದು. ಅಲ್ಲಿಯೇ ಒಣಗುವುದು, ಅಲ್ಲಿಯೇ ಉಪ್ಪನ್ನು ಬಿಡುವುದು. ಕೆಲವು ವರ್ಷಗಳ ಮೇಲೆ ನೋಡಿದರೆ ಸಿಮೆಂಟಿನ ಗೆರೆಗಳು ಜೇನುಹಟ್ಟಿಯ ಗೋಡೆಗಳಂತೆ ಹೊರಚಾಚಿ ನಿಂತು, ನಡುವಣ ಇಟ್ಟಿಗೆಗಳು ಪುಡಿಯಾಗಿ ಗುಳಿಬಿದ್ದಿರುತ್ತವೆ. ಇದರ ಮೇಲೆ, ಸಾಮಾನ್ಯ ಸಿಮೆಂಟು ತನ್ನೊಡನೆ ಕ್ಷಾರಲವಣಗಳನ್ನೂ ತರುವುದರಿಂದ, ರೋಗವಿಲ್ಲದ ಗೋಡೆಗೆ ರೋಗವನ್ನು ತಂದಂತೆಯೂ ಆಗುತ್ತದೆ. ಗಾರೆಯು ಉಳಿಯಿತು, ಗೋಡೆಯು ಹೋಯಿತು! ಕ್ಷೇತ್ರದಲ್ಲಿ ಮಾಡಿದ ಪಾಪವು ವಜ್ರಲೇಪವಾಗುವುದೆಂದು ಪುರಾಣಪ್ರವಚನಗಳಲ್ಲಿ ಕೇಳುತ್ತೇವೆ. ಪಂಪಾಕ್ಷೇತ್ರದಲ್ಲಿ ಬಳಿದ ಸಿಮೆಂಟಿನ ವಿಷಯದಲ್ಲಿ ಈ ಮಾತಿಗೆ ಲಕ್ಷಣೆಯ ಅಗತ್ಯವಿಲ್ಲ, ವಾಚ್ಯಾರ್ಥವೇ ಹೊಂದುತ್ತದೆ. ತೆಗೆಯಹೋದರೆ ಇಟ್ಟಿಗೆಯೂ ಕಿತ್ತುಬರುವುದು.

ಆದುದರಿಂದ ಹಳೆಯ ಗೋಡೆಯ ಸಂದಿನ ಗಾರೆಯು ಇಟ್ಟಿಗೆಗಿಂತ ಮೆತ್ತಗಿರಬೇಕು, ಅದಕ್ಕಿಂತ ಹೆಚ್ಚು ರಂಧ್ರಗಳುಳ್ಳದ್ದಾಗಿರಬೇಕು. ಉಪ್ಪು ಅದರಲ್ಲಿ ಹರಳುಗಟ್ಟಲಿ, ಅದನ್ನು ತಿನ್ನಲಿ; ಇಪ್ಪತ್ತು ಮೂವತ್ತು ವರ್ಷಗಳಿಗೊಮ್ಮೆ ಅದನ್ನು ಕೆರೆದು ಹೊಸದನ್ನು ತುಂಬಬಹುದು. ಇಲ್ಲಿ ಗಾರೆಯ ಬಾಳಿಕೆಯೆಂಬುದು ಗಾರೆಗೆ ಸಂಬಂಧಿಸಿದ ಗುಣವೇ ಅಲ್ಲ, ಗೋಡೆಗೆ ಸಂಬಂಧಿಸಿದುದು. ಕಂಪ್ಲಿಯ ಗದ್ದೆಯ ಬದಿಯ ಅಡಿಪಾಯದಲ್ಲಿ ಉಪ್ಪನ್ನು ಹೊರಗೇ ತಡೆಯಬಲ್ಲ ಗಾರೆಯು ಉತ್ತಮವಾದುದು. ವಿರೂಪಾಕ್ಷನ ಗೋಪುರದಲ್ಲಿ ಒಳಗಿರುವ ಉಪ್ಪನ್ನು ಹೊರಕ್ಕೆ ಬಿಡಬಲ್ಲ ಗಾರೆಯು ಉತ್ತಮವಾದುದು. ಭಾರತೀಯ ಪುರಾತತ್ತ್ವ ಇಲಾಖೆಯು 2014ರಲ್ಲಿ ಪ್ರಕಟಿಸಿದ ಸಂರಕ್ಷಣ ನೀತಿಯೂ ಸಾಂಪ್ರದಾಯಿಕ ಪದಾರ್ಥಗಳನ್ನೂ ಕುಶಲರನ್ನೂ ಮುಂದಿಡುತ್ತದೆ. ಸುಣ್ಣ, ಸುರ್ಕಿ, ಮರಳು, ಬೆಲ್ಲದ ನೀರು ಇವುಗಳ ಗಾರೆಯೇ ಇಂಥ ಕೆಲಸಕ್ಕೆ ತಕ್ಕುದು.

ಕೆಲಸದ ಕ್ರಮದಲ್ಲಿಯೂ ಹೆಚ್ಚುಕಡಿಮೆಯಾಗಕೂಡದು. ಗಾರೆಗೆ ಕೈಹಾಕುವ ಮೊದಲು ನೀರನ್ನು ನಿಲ್ಲಿಸಬೇಕು. ಮಾಳಿಗೆಯ ಬಿರುಕು, ಕಟ್ಟಿಕೊಂಡ ಬಚ್ಚಲುದೋಣಿ, ಅಡಿಪಾಯಕ್ಕೆ ಒರಗಿದ ಮಣ್ಣು ಇವುಗಳನ್ನು ಸರಿಪಡಿಸದೆ ಮಾಡಿದ ದುರಸ್ತಿಯು ವ್ಯರ್ಥ. ಆಮೇಲೆ ಗೋಡೆಯಲ್ಲಿರುವ ಉಪ್ಪನ್ನು ತೆಗೆಯಬೇಕು. ಕಾಗದದ ತಿರುಳನ್ನು ಭಟ್ಟಿಯಿಳಿಸಿದ ನೀರಿನಲ್ಲಿ ನೆನೆಸಿ ಗೋಡೆಗೆ ಮೆತ್ತಿದರೆ, ಅದು ಒಣಗುವಾಗ ಉಪ್ಪು ಗೋಡೆಯಿಂದ ತಿರುಳಿಗೆ ಬರುತ್ತದೆ. ಒಣಗಿದ ತಿರುಳನ್ನು ಕಿತ್ತು ಮತ್ತೆ ಮೆತ್ತಬೇಕು. ನಾಲ್ಕಾರು ಸಲ ಮಾಡಬೇಕಾದ ಈ ಕೆಲಸವು ಕುರುವಿಗೆ ಹಿಟ್ಟಿನ ಪಟ್ಟು ಹಾಕಿದಂತೆಯೇ. ಕಲ್ಲಿನ ಕೋಟೆಯ ಸಂದುಗಳಿಗಾದರೋ ಏನನ್ನೂ ತುಂಬದಿರುವುದೇ ಮೇಲು.

ಸುಣ್ಣವನ್ನು ಅರಳಿಸಿದೊಡನೆ ಬಳಸಲಾಗದು. ನೀರಿನಡಿಯಲ್ಲಿ ಬಹುದಿನ ಹಣ್ಣಾಗಬೇಕು. ಹಣ್ಣಾದ ಸುಣ್ಣವನ್ನು ಸುರ್ಕಿ ಮರಳುಗಳೊಡನೆ ಗಾರೆಯ ಗಾಣದಲ್ಲಿ ಅರೆಯಬೇಕು. ವೃತ್ತಾಕಾರದ ಕಲ್ಲಿನ ದೋಣಿಯಲ್ಲಿ ಎತ್ತು ಎಳೆಯುವ ದಪ್ಪ ಕಲ್ಲಿನ ಚಕ್ರವು ಸುತ್ತುತ್ತಿದ್ದ ಇಂಥ ಗಾಣಗಳು ಹಿಂದೆ ದೊಡ್ಡ ಕಟ್ಟಡಗಳ ಬಳಿಯಲ್ಲೆಲ್ಲ ಇದ್ದುವು. ಅರೆದ ಗಾರೆಯನ್ನು ವೈಶಾಖದ ಬಿಸಿಲಿನಲ್ಲಿ ಹಚ್ಚಕೂಡದು. ಮಳೆಗಾಲವು ಮುಗಿದು ಗಾಳಿಯಲ್ಲಿ ತೇವವು ಇನ್ನೂ ಉಳಿದಿರುವ ಆಶ್ವೀಜ ಕಾರ್ತಿಕಗಳಲ್ಲಿ ತೆಳುಪದರಗಳಾಗಿ ಹಚ್ಚಿ, ಒಂದು ಪದರವು ಗಟ್ಟಿಯಾದ ಮೇಲೆ ಮತ್ತೊಂದನ್ನು ಹಾಕುತ್ತ, ಒದ್ದೆಯ ಗೋಣಿತಟ್ಟನ್ನು ಹೊದಿಸಿರಬೇಕು. ಮೊದಲು ಗೋಡೆಯ ಮರೆಯಾದ ಭಾಗದಲ್ಲಿ ಒಂದು ಮೊಳದಷ್ಟು ಮಾತ್ರ ಹಚ್ಚಿ, ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಕಳೆಯಗೊಟ್ಟು, ಉಪ್ಪಿನ ಹೂವು ಅರಳಿದುದು ಹೊಸ ಗಾರೆಯ ಮೇಲೋ ಹಳೆಯ ಇಟ್ಟಿಗೆಯ ಮೇಲೋ ಎಂಬುದನ್ನು ನೋಡಿಕೊಂಡು, ಗಾರೆಯ ಮೇಲಾದರೆ ಕೆಲಸವನ್ನು ಮುಂದುವರಿಸತಕ್ಕುದು. ಇಟ್ಟಿಗೆಯ ಮೇಲಾದರೆ ಸುಣ್ಣ ಮರಳುಗಳ ಪ್ರಮಾಣವನ್ನು ತಿದ್ದಿ, ಪುನಃ ಒಂದು ವರ್ಷ ಕಾಯತಕ್ಕುದು.